ಟ್ರಸ್ಟೋ, ಸಂಘವೋ, ಸೆಕ್ಷನ್ 8 ಕಂಪನಿಯೋ? ಸೇವಾಸಂಸ್ಥೆ ಕಟ್ಟಲು ಹೊರಟವರಿಗೆ

"ಸಾರ್, 80ಜಿ ಬೇಗ ಸಿಗೋದು ಟ್ರಸ್ಟಿಗಾ, ಸಂಘಕ್ಕಾ?"

ಊರಿಗೇನಾದರೂ ಮಾಡಬೇಕು ಎಂದು ಹೊರಟವರು ಮೊದಲು ಕೇಳುವುದೇ ಇದನ್ನು. 80ಜಿ ಎಂದರೆ ಸಂಸ್ಥೆಗೆ ದೇಣಿಗೆ ಕೊಟ್ಟವರಿಗೆ ತೆರಿಗೆಯಲ್ಲಿ ಸಿಗುವ ಅನುಕೂಲ. ಉತ್ತರ ಚಿಕ್ಕದು: ಆದಾಯ ತೆರಿಗೆ ಇಲಾಖೆಗೆ ಎಲ್ಲವೂ ಒಂದೇ. ಟ್ರಸ್ಟ್ ಡೀಡ್, ಅಂದರೆ ಟ್ರಸ್ಟ್ ಮಾಡಿದ ಪತ್ರ, ತಂದವರಿಗೂ, ಸಂಘದ ನೋಂದಣಿ ಪತ್ರ ತಂದವರಿಗೂ, ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿಯವರಿಗೂ ಅರ್ಜಿ ಅದೇ, ಷರತ್ತು ಅದೇ, ಅವಧಿಯೂ ಅದೇ. ಹಾಗಾಗಿ ತೆರಿಗೆ ವಿನಾಯಿತಿಯನ್ನು ಮುಂದಿಟ್ಟುಕೊಂಡು ಸಂಸ್ಥೆಯ ರೂಪ ಆರಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ನಮಗೆ ಸುಸ್ತಾದ ಮೇಲೆ, ಅಥವಾ ನಮ್ಮನಮ್ಮಲ್ಲೇ ಮನಸ್ತಾಪ ಬಂದ ದಿನ, ಈ ಸಂಸ್ಥೆಯ ಬೀಗದ ಕೈ ಯಾರ ಹತ್ತಿರ ಇರಬೇಕು?

ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಗ್ರಂಥಾಲಯ ಸಂಘದಲ್ಲಿ ಹನ್ನೊಂದು ವರ್ಷದಿಂದ ಖಜಾಂಚಿ. ಪರಿಚಯದವರ ಎರಡು ಟ್ರಸ್ಟುಗಳ ಡೀಡ್ ಬರೆಯುವಾಗ ಜೊತೆಗಿದ್ದೆ. ನಮ್ಮ ಅಕ್ಕನ ಮಗಳು ಗೆಳತಿಯರ ಜೊತೆ ಸೇರಿ ಬೆಂಗಳೂರಿನಲ್ಲಿ ಸೆಕ್ಷನ್ 8 ಕಂಪನಿ ಮಾಡಿದಾಗ ಅದರ ಕಾಗದಪತ್ರವನ್ನೂ ಹತ್ತಿರದಿಂದ ನೋಡಿದೆ. ನಾನು ವಕೀಲನಲ್ಲ, ಆಡಿಟರೂ ಅಲ್ಲ. ಅವರ ಬಳಿ ಹೋಗುವ ಮುಂಚೆ ಮನೆಯಲ್ಲಿ ಕೂತು ಏನನ್ನು ತೀರ್ಮಾನ ಮಾಡಿಕೊಂಡಿರಬೇಕು ಎಂಬುದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಸಂಸ್ಥೆಯೇ ಬೇಕೇ?

ವರ್ಷಕ್ಕೊಂದು ರಕ್ತದಾನ ಶಿಬಿರ, ಜೂನ್ ತಿಂಗಳಲ್ಲಿ ನೂರು ಮಕ್ಕಳಿಗೆ ನೋಟ್‌ಬುಕ್ಕು. ಇಷ್ಟೇ ನಿಮ್ಮ ಯೋಜನೆಯಾದರೆ ನೋಂದಣಿಯ ತಂಟೆಗೆ ಹೋಗಬೇಡಿ. ಸರ್ಕಾರಿ ಶಾಲೆಗೆ ಕೊಡುವುದಾದರೆ ಎಸ್‌ಡಿಎಂಸಿ ಇದೆ, ಆರೋಗ್ಯದ ಕೆಲಸಕ್ಕೆ ಆಗಲೇ 80ಜಿ ಇರುವ ಸಂಸ್ಥೆಗಳಿವೆ. ಅವರ ಜೊತೆ ಸೇರಿದರೆ ದುಡ್ಡು ಪೂರ್ತಿ ಕೆಲಸಕ್ಕೇ ಹೋಗುತ್ತದೆ. ಒಮ್ಮೆ ನೋಂದಣಿಯಾಯಿತೆಂದರೆ ಪ್ರತಿ ವರ್ಷ ಲೆಕ್ಕ, ಆಡಿಟ್, ರಿಟರ್ನ್ಸು ಬೆನ್ನು ಬಿಡುವುದಿಲ್ಲ. ವರ್ಷಕ್ಕೆ ಐವತ್ತು ಸಾವಿರ ಓಡಾಡುವ ಸಂಸ್ಥೆಗೂ ಆಡಿಟರ ಫೀಸು ಇದ್ದೇ ಇರುತ್ತದೆ.

ಜಾಗ ಬೇಕು, ಸಂಬಳದ ಮೇಲೆ ಜನ ಬೇಕು, ಹೊರಗಿನವರ ದೇಣಿಗೆ ಬೇಕು, ಕೆಲಸ ಹತ್ತು ವರ್ಷವಾದರೂ ನಡೆಯಬೇಕು ಎನ್ನುವವರು ಮುಂದೆ ಓದಿ.

ಟ್ರಸ್ಟ್: ಬರೆದಿಟ್ಟವನ ಮಾತೇ ಉಳಿಯುವ ರೂಪ

ಟ್ರಸ್ಟ್ ಮಾಡಲು ಒಂದು ಡೀಡ್ ಬೇಕು, ಟ್ರಸ್ಟಿಗೆ ಒಪ್ಪಿಸುವ ಮೂಲಧನ ಬೇಕು, ಅದನ್ನು ನೋಡಿಕೊಳ್ಳುವ ಟ್ರಸ್ಟಿಗಳು ಬೇಕು. ಮೂಲಧನ ಐದು ಸಾವಿರವಾದರೂ ನಡೆಯುತ್ತದೆ. ಟ್ರಸ್ಟಿಗಳು ಸಾಮಾನ್ಯವಾಗಿ ಇಬ್ಬರು ಮೂವರಿಂದ ಶುರುವಾಗುತ್ತಾರೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಹೆಸರನ್ನು ಎಲ್ಲರೂ ಡೀಡಿನಲ್ಲಿ ಬರೆಸುತ್ತಾರಾದರೂ, ಆ ಕಾಯ್ದೆ ಮುಖ್ಯವಾಗಿ ಖಾಸಗಿ ಟ್ರಸ್ಟುಗಳಿಗೆ ಮಾಡಿದ್ದು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳ ಮೇಲೆ ಕಣ್ಣಿಡಲು 1950ರ ಕಾಯ್ದೆಯಿದೆ, ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಇದ್ದಾರೆ. ನಮ್ಮಲ್ಲಿ ಸಾಮಾನ್ಯ ಸೇವಾ ಟ್ರಸ್ಟಿಗೆ ಅಂಥ ಅಧಿಕಾರಿಯಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಡೀಡ್ ನೋಂದಣಿಯಾದರೆ ಅಲ್ಲಿಗೆ ಮುಗಿಯಿತು. ಪ್ರತಿ ವರ್ಷ ಅವರಿಗೆ ಏನನ್ನೂ ಸಲ್ಲಿಸಬೇಕಾಗಿಲ್ಲ.

ಆ ನೋಂದಣಿಯ ದಿನ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಿನಲ್ಲಿ ಡೀಡ್ ಏರಿಸಿ, ಶುಲ್ಕ ಕಟ್ಟಿ, ಸಮಯ ತೆಗೆದುಕೊಂಡು ಹೋಗಿದ್ದೆವು. ಟ್ರಸ್ಟ್ ಮಾಡುತ್ತಿದ್ದವರು ನಿವೃತ್ತ ಕಾಂಪೌಂಡರು. ಹೆಬ್ಬೆಟ್ಟಿನ ಯಂತ್ರಕ್ಕೆ ಅವರ ಬೆರಳು ಹತ್ತಲೇ ಇಲ್ಲ. ನಲವತ್ತು ವರ್ಷ ಔಷಧಿ ಬೆರೆಸಿ ಗೆರೆಗಳೇ ಸವೆದುಹೋಗಿದ್ದವು. ಮೂರನೇ ಸಲ ಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದಾಗ ಹತ್ತಿತು. ಕ್ಯಾಮೆರಾ ನೋಡಿ ಎಂದರು, ನೋಡಿದರು, ಆಯಿತು. ಹದಿನೈದು ನಿಮಿಷದಲ್ಲಿ ಅವರ ಮನಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದದ್ದು ಕಾನೂನಿನ ಲೆಕ್ಕದಲ್ಲಿ ಒಂದು ಸಂಸ್ಥೆಯಾಯಿತು.

ಇದು ಟ್ರಸ್ಟಿನ ಬಲ. ಯಾರೂ ಚುನಾವಣೆ ನಡೆಸಿ ಅದನ್ನು ಕೈವಶ ಮಾಡಿಕೊಳ್ಳಲು ಆಗುವುದಿಲ್ಲ. ಡೀಡಿನಲ್ಲಿ ಹೇಳಿದ್ದರೆ ಟ್ರಸ್ಟಿಗಳು ಬದುಕಿರುವ ತನಕ ಇರಬಹುದು, ತಮ್ಮ ನಂತರದವರನ್ನು ತಾವೇ ನೇಮಿಸಬಹುದು. ಮನೆ, ಜಮೀನು, ಒಂದು ಮೊತ್ತದ ಡಿಪಾಜಿಟ್ಟು, ಹೀಗೆ ಕೈಯಲ್ಲಿ ಒಂದು ಆಸ್ತಿಯಿದ್ದು ಅದು ಇದೇ ಕೆಲಸಕ್ಕೆ ಉಳಿಯಬೇಕು ಎಂದಿರುವವರಿಗೆ ಇದಕ್ಕಿಂತ ಒಳ್ಳೆಯ ರೂಪ ಕಾಣೆ. ಟ್ರಸ್ಟ್ ಎಂದರೆ ಚಿಕ್ಕದು ಎಂದುಕೊಳ್ಳಬೇಡಿ. ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡುವ ಅಕ್ಷಯ ಪಾತ್ರ ಫೌಂಡೇಶನ್ ಕೂಡ 2001ರಲ್ಲಿ ನೋಂದಣಿಯಾದ ಟ್ರಸ್ಟೇ.

ದೌರ್ಬಲ್ಯವೂ ಅದೇ ಜಾಗದಲ್ಲಿದೆ. ಕೇಳುವವರು ಕಡಿಮೆ. ಗಂಡ, ಹೆಂಡತಿ, ಮಗ ಮೂವರೇ ಟ್ರಸ್ಟಿಗಳಾದ ಸಂಸ್ಥೆಗೆ ದೇಣಿಗೆ ಕೊಡುವವರು ಒಂದು ಕ್ಷಣ ಯೋಚಿಸುತ್ತಾರೆ, ಯೋಚಿಸಬೇಕಾದ್ದೇ. ಇನ್ನೊಂದು ತೊಡಕು ತಿದ್ದುಪಡಿಯದು. ಡೀಡಿನಲ್ಲಿ ತಿದ್ದುಪಡಿಗೆ ದಾರಿ ಬಿಟ್ಟಿರದಿದ್ದರೆ ಮುಂದೆ ಒಂದು ಸಾಲು ಬದಲಿಸಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಪತ್ರ ಬರಹಗಾರರ ಬಳಿ ಹಳೆಯ ಡೀಡಿನ ನಕಲು ಸಿದ್ಧವಿರುತ್ತದೆ, ಹೆಸರು ಬದಲಿಸಿ ಕೊಡುತ್ತಾರೆ. ಅದನ್ನು ಹಾಗೇ ಒಪ್ಪಿಕೊಳ್ಳಬೇಡಿ. ಈ ನಾಲ್ಕು ಮಾತು ಅದರಲ್ಲಿ ಇವೆಯೇ ನೋಡಿ: ಟ್ರಸ್ಟನ್ನು ಹಿಂತೆಗೆದುಕೊಳ್ಳುವಂತಿಲ್ಲ. ಆದಾಯದಲ್ಲಿ ಟ್ರಸ್ಟಿಗಳಿಗೂ ಅವರ ಬಂಧುಗಳಿಗೂ ಪಾಲಿಲ್ಲ. ಸಂಸ್ಥೆ ಮುಚ್ಚಿದರೆ ಉಳಿದ ಆಸ್ತಿ ಇದೇ ಉದ್ದೇಶದ, ತೆರಿಗೆ ನೋಂದಣಿಯಿರುವ ಇನ್ನೊಂದು ಸಂಸ್ಥೆಗೆ ಹೋಗತಕ್ಕದ್ದು. ಉದ್ದೇಶಕ್ಕೆ ಧಕ್ಕೆಯಾಗದಂತೆ ಇಷ್ಟು ಜನ ಟ್ರಸ್ಟಿಗಳು ಒಪ್ಪಿದರೆ ಡೀಡ್ ತಿದ್ದಬಹುದು. ತೆರಿಗೆ ಅಧಿಕಾರಿ ಮೊದಲು ಹುಡುಕುವುದೂ ಇಂಥ ಸಾಲುಗಳನ್ನೇ.

ಜಮೀನನ್ನೋ ಮನೆಯನ್ನೋ ಟ್ರಸ್ಟಿಗೆ ಸೇರಿಸುವುದಿದ್ದರೆ ಮುದ್ರಾಂಕ ಶುಲ್ಕ ಎಷ್ಟು ಬೀಳುತ್ತದೆ ಎಂಬುದನ್ನು ಡೀಡ್ ಬರೆಸುವ ಮುಂಚೆಯೇ ವಿಚಾರಿಸಿ. ಬರೀ ನಗದು ಮೂಲಧನದ ಟ್ರಸ್ಟಿಗೂ ಆಸ್ತಿ ಸೇರಿದ ಟ್ರಸ್ಟಿಗೂ ಖರ್ಚಿನಲ್ಲಿ ಅಜಗಜಾಂತರ.

ಸಂಘ: ಏಳು ಜನ ಮತ್ತು ಒಂದು ನಡಾವಳಿ ಪುಸ್ತಕ

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿದರೆ ಸಂಘವಾಗುತ್ತದೆ. ನೋಂದಣಿ ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಯಲ್ಲಿ. ಜ್ಞಾಪನಾ ಪತ್ರ, ಬೈಲಾ, ಏಳೂ ಜನರ ಗುರುತಿನ ದಾಖಲೆ, ಕಚೇರಿ ವಿಳಾಸಕ್ಕೆ ಕರೆಂಟ್ ಬಿಲ್ಲು ಮತ್ತು ಮನೆ ಮಾಲೀಕರ ಒಪ್ಪಿಗೆ ಪತ್ರ. ಇಷ್ಟು ಸಿದ್ಧ ಮಾಡಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಸಂಘದ ಜೀವ ಇರುವುದು ಸದಸ್ಯರಲ್ಲಿ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆಯಬೇಕು, ಲೆಕ್ಕ ಒಪ್ಪಿಸಬೇಕು, ಬೈಲಾದ ಪ್ರಕಾರ ಚುನಾವಣೆ ನಡೆಸಬೇಕು. ಸಭೆಯಾದ ಹದಿನಾಲ್ಕು ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಲ್ಲರೂ ಇದನ್ನು "13ರ ಫೈಲಿಂಗ್" ಎನ್ನುತ್ತಾರೆ, ಕಾಯ್ದೆಯ 13ನೇ ಕಲಮಿನ ಹೆಸರಲ್ಲಿ. ದೂರು ಬಂದರೆ ವಿಚಾರಣೆ ನಡೆಸುವ ಅಧಿಕಾರ ನೋಂದಣಾಧಿಕಾರಿಗೆ ಇದೆ. ಆಡಳಿತ ಮಂಡಳಿಯೇ ಇಲ್ಲದಂತಾದರೆ ಆಡಳಿತಾಧಿಕಾರಿಯನ್ನು ಕೂರಿಸಲೂ ಕಾಯ್ದೆಯಲ್ಲಿ ಅವಕಾಶವಿದೆ. ಊರೂರಲ್ಲಿ ಸದಸ್ಯರಿರುವ, ಅವರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುವ ಕನ್ನಡ ಸಾಹಿತ್ಯ ಪರಿಷತ್ತು ಸಂಘದ ರೂಪಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ.

ಈಗ ನಮ್ಮದೇ ಕಥೆ. ನಮ್ಮ ಸಂಘದ ಮೊದಲ ಕಾರ್ಯದರ್ಶಿ ಮೇಷ್ಟರಾಗಿದ್ದರು. ಬಹಳ ಅಚ್ಚುಕಟ್ಟು, ಪ್ರತಿ ಸಭೆಯ ನಡಾವಳಿಯನ್ನೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ನಡಾವಳಿ ಪುಸ್ತಕ ಅವರ ಟ್ರಂಕಿನಲ್ಲೇ ಹೋಯಿತು. ಅವರಿಗೆ ನೆನಪಿಲ್ಲ, ನಾವು ಕೇಳಲಿಲ್ಲ. ಮೂರು ವರ್ಷ ಗ್ರಂಥಾಲಯ ತೆರೆದೇ ಇತ್ತು, ಮಕ್ಕಳು ಬರುತ್ತಲೇ ಇದ್ದರು, ಪತ್ರಿಕೆಗಳ ಬಿಲ್ಲನ್ನು ನಾನು ತಿಂಗಳು ತಿಂಗಳು ಕಟ್ಟುತ್ತಿದ್ದೆ. ಆದರೆ ಸಭೆಯಿಲ್ಲ, ಠರಾವಿಲ್ಲ, 13ರ ಫೈಲಿಂಗ್ ಇಲ್ಲ. ಹೊಸ ಕಾರ್ಯದರ್ಶಿಯ ಸಹಿ ಸೇರಿಸಲು ಬ್ಯಾಂಕಿಗೆ ಹೋದಾಗ, ನೋಂದಣಾಧಿಕಾರಿಗಳು ದೃಢೀಕರಿಸಿದ ಆಡಳಿತ ಮಂಡಳಿಯ ಪಟ್ಟಿ ತನ್ನಿ ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಮೂರು ವರ್ಷದ ಲೆಕ್ಕವನ್ನು ಒಟ್ಟಿಗೆ ಆಡಿಟ್ ಮಾಡಿಸಿ, ದಂಡ ಕಟ್ಟಿ, ಪಟ್ಟಿ ಕೈಗೆ ಬರುವ ತನಕ ಗ್ರಂಥಾಲಯದ ಕರೆಂಟ್ ಬಿಲ್ಲನ್ನು ಸದಸ್ಯರು ಜೇಬಿನಿಂದ ಹಾಕಿದೆವು. ಆವತ್ತಿನಿಂದ ನಡಾವಳಿ ಪುಸ್ತಕ ಗ್ರಂಥಾಲಯದ ಕಪಾಟಿನಲ್ಲಿ, ನಿಘಂಟುಗಳ ಪಕ್ಕದಲ್ಲೇ ಇರುತ್ತದೆ. ಪ್ರತಿ ಪುಟದ ಫೋಟೊ ಐದು ಜನರ ಮೊಬೈಲಿನಲ್ಲಿದೆ.

ಸಂಘದ ಇನ್ನೊಂದು ಅಪಾಯವನ್ನು ಪಕ್ಕದ ಊರಿನಲ್ಲಿ ನೋಡಿದೆ. ಸಂಘದ ಜಾಗಕ್ಕೆ ಬೆಲೆ ಬಂತು. ಚುನಾವಣೆಗೆ ಎರಡು ತಿಂಗಳಿದೆ ಎನ್ನುವಾಗ ಅರವತ್ತು ಜನ ಹೊಸದಾಗಿ ಸದಸ್ಯರಾದರು. ಎಲ್ಲರೂ ಶುಲ್ಕ ಕಟ್ಟಿದವರೇ, ಎಲ್ಲವೂ ಬೈಲಾದ ಪ್ರಕಾರವೇ. ಸಂಘ ಕಟ್ಟಿದವರು ಒಂದೇ ಸಭೆಯಲ್ಲಿ ಹೊರಗಾದರು. ಸದಸ್ಯರಾಗಿ ಒಂದು ವರ್ಷ ತುಂಬಿದವರಿಗಷ್ಟೇ ಮತ ಎಂಬ ಒಂದು ಸಾಲು ಬೈಲಾದಲ್ಲಿ ಇದ್ದಿದ್ದರೆ ಅದು ಅಷ್ಟು ಸುಲಭವಾಗುತ್ತಿರಲಿಲ್ಲ.

ಇಷ್ಟಾದರೂ ನನಗೆ ಸಂಘದ ಮೇಲೆ ಒಲವು ಜಾಸ್ತಿ. ಊರಿನ ಗ್ರಂಥಾಲಯ, ಹಳೆಯ ವಿದ್ಯಾರ್ಥಿಗಳ ಬಳಗ, ಕೆರೆ ಉಳಿಸಿಕೊಳ್ಳುವ ಗುಂಪು, ನಾಟಕ ತಂಡ, ಇವು ಯಾರೋ ಮೂವರ ಸ್ವತ್ತಾಗಬಾರದು. ಇಪ್ಪತ್ತೆರಡರ ಹುಡುಗಿಯೊಬ್ಬಳು ಸಭೆಯಲ್ಲಿ ಎದ್ದುನಿಂತು ಖಜಾಂಚಿಯನ್ನು "ಈ ಎಂಟು ನೂರು ಯಾವುದಕ್ಕೆ ಹೋಯಿತು ಅಣ್ಣ?" ಎಂದು ಕೇಳುವ ಹಕ್ಕು ಸಂಘದಲ್ಲಿ ಇರುತ್ತದೆ. ಕೇಳಿದ್ದಾಳೆ. ಉತ್ತರ ಹುಡುಕಲು ನನಗೆ ಎರಡು ದಿನ ಬೇಕಾಯಿತು. ರಸೀದಿ ಸಿಕ್ಕಿತು, ಬೀಗ ರಿಪೇರಿಯದ್ದು.

ಸೆಕ್ಷನ್ 8 ಕಂಪನಿ: ಶಿಸ್ತು ಬೇಕೆನ್ನುವವರಿಗೆ

2013ರ ಕಂಪನಿ ಕಾಯ್ದೆಯ 8ನೇ ಕಲಮಿನಡಿ ನಡೆಯುವ ಕಂಪನಿ ಇದು. 1956ರ ಕಾಯ್ದೆಯಲ್ಲಿ ಇದೇ 25ನೇ ಕಲಮಾಗಿತ್ತು, ಹಳಬರು ಈಗಲೂ ಸೆಕ್ಷನ್ 25 ಎನ್ನುತ್ತಾರೆ. ಲಾಭ ಬಂದರೆ ಹಂಚುವಂತಿಲ್ಲ, ಉದ್ದೇಶಕ್ಕೇ ಹಾಕಬೇಕು. ಹೆಸರಿನ ಕೊನೆಗೆ ಪ್ರೈವೇಟ್ ಲಿಮಿಟೆಡ್ ಬೇಡ, ಫೌಂಡೇಶನ್, ಫೋರಮ್, ಕೌನ್ಸಿಲ್ ಎಂದೆಲ್ಲ ಇಟ್ಟುಕೊಳ್ಳಬಹುದು. ನೀವು ದಿನಾ ತರಕಾರಿ ಅಂಗಡಿಯಲ್ಲಿ ಬಳಸುವ ಯುಪಿಐ ವ್ಯವಸ್ಥೆಯನ್ನು ನಡೆಸುವ ಎನ್‌ಪಿಸಿಐ ಕೂಡ ಇಂಥದ್ದೇ ಕಂಪನಿ.

ಇಬ್ಬರಿದ್ದರೆ ಸಾಕು, ಅವರೇ ಸದಸ್ಯರು, ಅವರೇ ನಿರ್ದೇಶಕರು. ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿ ಇರುವವರಾಗಿರಬೇಕು. ಕೆಲಸ ಪೂರ್ತಿ ಆನ್‌ಲೈನ್: ಡಿಜಿಟಲ್ ಸಹಿ ಮಾಡಿಸಿ, ಹೆಸರು ಕಾಯ್ದಿರಿಸಿ, ಸ್ಪೈಸ್ ಪ್ಲಸ್ ಫಾರಂನಲ್ಲೇ ಲೈಸೆನ್ಸಿಗೂ ಸ್ಥಾಪನೆಗೂ ಒಟ್ಟಿಗೆ ಅರ್ಜಿ ಹಾಕಬೇಕು. ಸಬ್ ರಿಜಿಸ್ಟ್ರಾರ್ ಆಫೀಸೂ ಇಲ್ಲ, ಜಿಲ್ಲಾ ಕಚೇರಿಯೂ ಇಲ್ಲ.

ಕಿವಿ ಕೇಳದ ಮಕ್ಕಳಿಗೆ ಸನ್ನೆ ಭಾಷೆಯಲ್ಲಿ ಪಾಠದ ವಿಡಿಯೊ ಮಾಡುವುದು ನಮ್ಮ ಅಕ್ಕನ ಮಗಳ ಕೆಲಸ. ಅವಳು ಕಂಪನಿ ಆರಿಸಿದ್ದಕ್ಕೆ ಎರಡು ಕಾರಣ. ದೊಡ್ಡ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು ಸಂಸ್ಥೆಯ ಲೆಕ್ಕವನ್ನು ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಿನಲ್ಲೇ ತೆಗೆದು ನೋಡಬಹುದು, ಹಾಗಾಗಿ ನಂಬಿಕೆ ಬೇಗ ಹುಟ್ಟುತ್ತದೆ. ಮತ್ತೆ, ಕೆಲಸ ಕರ್ನಾಟಕದ ಗಡಿ ದಾಟಿದರೂ ರೂಪ ಬದಲಿಸಬೇಕಾಗಿಲ್ಲ.

ಬೆಲೆ ಕಟ್ಟಬೇಕಾಗಿ ಬಂದದ್ದು ಎರಡನೇ ವರ್ಷ. ಆರು ತಿಂಗಳಿಗೊಂದಾದರೂ ಬೋರ್ಡ್ ಸಭೆ, ಒಂದು ರೂಪಾಯಿ ವಹಿವಾಟಿಲ್ಲದಿದ್ದರೂ ಆಡಿಟ್, ಆಮೇಲೆ ಲೆಕ್ಕಪತ್ರಕ್ಕೆ ಎಒಸಿ 4, ವಾರ್ಷಿಕ ರಿಟರ್ನಿಗೆ ಎಂಜಿಟಿ 7 ಎಂಬ ಎರಡು ಫಾರಂ. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ. ಅವರು ತಲಾ 40 ದಿನ ತಡಮಾಡಿದರು, 8,000 ಕಟ್ಟಿದರು. ಆ ದುಡ್ಡಿಗೆ ಎರಡು ಪಾಠದ ವಿಡಿಯೊ ಆಗುತ್ತಿತ್ತು ಎಂದು ಅವಳು ಇನ್ನೂ ನೊಂದುಕೊಳ್ಳುತ್ತಾಳೆ. ಲೆಕ್ಕಕ್ಕೆ ತಿಂಗಳ ಸಂಬಳದ ಮೇಲೆ ಒಬ್ಬರನ್ನು ಇಟ್ಟುಕೊಳ್ಳುವಷ್ಟು ಅಥವಾ ಕಂಪನಿ ಸೆಕ್ರೆಟರಿಯೊಬ್ಬರಿಗೆ ವರ್ಷದ ಫೀಸು ಕೊಡುವಷ್ಟು ಶಕ್ತಿಯಿಲ್ಲದವರಿಗೆ ನಾನು ಈ ರೂಪ ಹೇಳುವುದಿಲ್ಲ.

12ಎ, 80ಜಿ: ಎರಡೂ ಒಂದಲ್ಲ

ಇದು ಮೂರಕ್ಕೂ ಸೇರಿದ ಮಾತು. 12ಎ ಎಂದು ರೂಢಿಯಲ್ಲಿ ಕರೆಯುವುದು ಸಂಸ್ಥೆಯ ಆದಾಯಕ್ಕೆ ಸಿಗುವ ವಿನಾಯಿತಿ. ದೇಣಿಗೆ ಕೂಡ ಕಾನೂನಿನ ಕಣ್ಣಿಗೆ ಆದಾಯವೇ. ಈ ನೋಂದಣಿ ಇಲ್ಲದಿದ್ದರೆ ಅದರ ಮೇಲೂ ತೆರಿಗೆ ಬೀಳಬಹುದು. 80ಜಿ ದೇಣಿಗೆ ಕೊಟ್ಟವರಿಗೆ ಸಿಗುವ ಅನುಕೂಲ. ಹಾಗಾಗಿ ಸಂಸ್ಥೆ ಉಳಿಯಲು ಮೊದಲು ಬೇಕಾದದ್ದು 12ಎ.

80ಜಿಯಿಂದ ಎಷ್ಟು ಉಪಯೋಗ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಶೇ 30ರ ತೆರಿಗೆ ಕಟ್ಟುವವರೊಬ್ಬರು 10,000 ರೂಪಾಯಿ ಕೊಟ್ಟರು. ಅದರಲ್ಲಿ ಅರ್ಧ, ಅಂದರೆ 5,000, ಅವರ ಆದಾಯದಿಂದ ಕಳೆಯುತ್ತದೆ. ಅವರಿಗೆ ಉಳಿತಾಯವಾಗುವ ತೆರಿಗೆ ಶೇ 4ರ ಸೆಸ್ ಸೇರಿ 1,560 ರೂಪಾಯಿ. ಅದೂ ಅವರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ಹೊಸ ಪದ್ಧತಿಗೆ ಹೋದವರಿಗೆ ಈ ಕಡಿತವೇ ಇಲ್ಲ, ಸಂಬಳದಾರರಲ್ಲಿ ಬಹಳ ಜನ ಈಗ ಅಲ್ಲಿದ್ದಾರೆ. 2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೂ ಕಡಿತವಿಲ್ಲ. ಆದ್ದರಿಂದ 80ಜಿ ಬಂದ ಕೂಡಲೇ ದೇಣಿಗೆ ಹರಿದುಬರುತ್ತದೆ ಎಂದು ಕಾಯಬೇಡಿ. ಅದರ ನಿಜವಾದ ಬೆಲೆ ಸಿಎಸ್‌ಆರ್ ಬಾಗಿಲಲ್ಲಿ ತಿಳಿಯುತ್ತದೆ. ಕಂಪನಿಗಳ ಸಿಎಸ್‌ಆರ್ ಹಣ ಪಡೆಯಲು ಸಲ್ಲಿಸುವ ಸಿಎಸ್‌ಆರ್ 1 ಫಾರಂಗೆ 12ಎ, 80ಜಿ ಎರಡೂ ಬೇಕು, ಜೊತೆಗೆ ಮೂರು ವರ್ಷದ ಕೆಲಸದ ಅನುಭವ. ಸರ್ಕಾರಿ ಅನುದಾನ ಬೇಕೆಂದರೆ ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲೂ ಹೆಸರು ಬರೆಸಿಕೊಳ್ಳಿ.

ಅರ್ಜಿಗೆ ಇಲಾಖೆ ಒಂದು ರೂಪಾಯಿ ಶುಲ್ಕವನ್ನೂ ಕೇಳುವುದಿಲ್ಲ. ಖರ್ಚೇನಿದ್ದರೂ ಅರ್ಜಿ ತುಂಬಿಕೊಡುವವರ ಫೀಸು. ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ಆಮೇಲೆ ಐದು ವರ್ಷದ ಕಾಯಂ ನೋಂದಣಿ. ಆದಾಯ 5 ಕೋಟಿ ಮೀರದ ಸಂಸ್ಥೆಗಳಿಗೆ 12ಎ ನೋಂದಣಿಯನ್ನು ಹತ್ತು ವರ್ಷಕ್ಕೆ ಕೊಡುವ ಅವಕಾಶ 2025ರ ಏಪ್ರಿಲ್‌ನಿಂದ ಬಂದಿದೆ. ನಮ್ಮಂಥ ಸಣ್ಣವರಿಗೆ ಇದು ದೊಡ್ಡ ನಿರಾಳ.

ನಾವು ಎಡವಿದ್ದು ತಾತ್ಕಾಲಿಕದಿಂದ ಕಾಯಂಗೆ ದಾಟುವಾಗ. ಮೊದಲ ಏಳು ವರ್ಷ ಇದರ ಗೋಜಿಗೇ ಹೋಗಿರಲಿಲ್ಲ, ಕೊನೆಗೂ ತಾತ್ಕಾಲಿಕ ನೋಂದಣಿ ಬಂದಾಗ ಮೂರು ವರ್ಷ ಇದೆಯಲ್ಲ ಎಂದು ಸುಮ್ಮನಿದ್ದೆವು. ನಿಯಮ ಹಾಗಿಲ್ಲ. ಅವಧಿ ಮುಗಿಯುವ ಆರು ತಿಂಗಳು ಮುಂಚೆ, ಅಥವಾ ಚಟುವಟಿಕೆ ಶುರುವಾದ ಆರು ತಿಂಗಳೊಳಗೆ, ಎರಡರಲ್ಲಿ ಯಾವುದು ಮೊದಲೋ ಆಗ ಕಾಯಂಗೆ ಅರ್ಜಿ ಹಾಕಬೇಕು. ಗ್ರಂಥಾಲಯ ಆಗಲೇ ನಡೆಯುತ್ತಿತ್ತು, ಅಂದರೆ ಗಡುವು ಎಂದೋ ದಾಟಿತ್ತು. ಗಡುವು ತಪ್ಪಿದ ಸಂಸ್ಥೆಯ ಆಸ್ತಿಯ ಬೆಲೆಯ ಮೇಲೇ ತೆರಿಗೆ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ ಎಂದು ಆಡಿಟರು ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪುಸ್ತಕ, ಕಪಾಟು, ಬೆಂಚು, ನಾಲ್ಕು ಕಾಸಿನ ಡಿಪಾಜಿಟ್ಟು ಎಲ್ಲವನ್ನೂ ಮನಸ್ಸಿನಲ್ಲೇ ಎಣಿಸಿದೆ. ಸಕಾರಣವಿದ್ದರೆ ವಿಳಂಬ ಮನ್ನಿಸುವ ಅಧಿಕಾರವನ್ನು 2024ರ ಅಕ್ಟೋಬರ್‌ನಿಂದ ಆಯುಕ್ತರಿಗೆ ಕೊಟ್ಟಿದ್ದರು. ಕಾರಣ ಬರೆದು ಬೇಡಿಕೊಂಡೆವು, ಒಪ್ಪಿದರು. ನೀವು ಆ ರಾತ್ರಿ ಕಾಣುವುದು ಬೇಡ. ತಾತ್ಕಾಲಿಕ ನೋಂದಣಿ ಕೈಗೆ ಬಂದ ದಿನವೇ ಗಡುವನ್ನು ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ವಿನಾಯಿತಿ ಸಿಕ್ಕ ಮೇಲೆ ಕೆಲವು ಕಟ್ಟುಪಾಡು ಇವೆ. ಆದಾಯದ ಶೇ 85ರಷ್ಟನ್ನು ಆ ವರ್ಷವೇ ಉದ್ದೇಶಕ್ಕೆ ಖರ್ಚು ಮಾಡಬೇಕು. ಕಟ್ಟಡಕ್ಕೆಂದು ಕೂಡಿಡುವುದಿದ್ದರೆ ಕಾರಣ ತಿಳಿಸಿ ಐದು ವರ್ಷದ ತನಕ ಇಟ್ಟುಕೊಳ್ಳಬಹುದು. ದೇಣಿಗೆ ಕೊಟ್ಟವರ ಹೆಸರು, ಪ್ಯಾನ್, ಮೊತ್ತದ ಪಟ್ಟಿಯನ್ನು ನಾವು ಪ್ರತಿ ವರ್ಷ ಮೇ 31ರೊಳಗೆ ಸಲ್ಲಿಸುತ್ತ ಬಂದಿದ್ದೇವೆ. ಅದು ಹೋದರೇ ಅವರಿಗೆ 80ಜಿ ಪ್ರಮಾಣಪತ್ರ. ಜಾತ್ರೆಯಲ್ಲಿ ಡಬ್ಬಿ ಇಟ್ಟು ಹೆಸರಿಲ್ಲದ ಹಣ ಎತ್ತುವವರು ಎಚ್ಚರವಾಗಿರಿ. ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ, ಯಾವುದು ಹೆಚ್ಚೋ ಅದನ್ನು ದಾಟಿದ ಅನಾಮಿಕ ಹಣಕ್ಕೆ ಶೇ 30 ತೆರಿಗೆ. ಟ್ರಸ್ಟಿಗಳೂ ಪದಾಧಿಕಾರಿಗಳೂ ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಪಡೆಯಬಹುದು, ಲಾಭರಹಿತ ಎಂದರೆ ಸಂಬಳರಹಿತವಲ್ಲ. ಆದರೆ ಅಧ್ಯಕ್ಷರ ಅಳಿಯನ ಮಳಿಗೆಗೆ ಊರಲ್ಲಿಲ್ಲದ ಬಾಡಿಗೆ ಕೊಟ್ಟರೆ ವಿನಾಯಿತಿಗೇ ಸಂಚಕಾರ.

ನಮ್ಮ ಕಡೆ ವಿಶೇಷವಾಗಿ ಹೇಳಲೇಬೇಕಾದ ಒಂದು ಮಾತಿದೆ. ಒಂದು ಜಾತಿಯ ಅಥವಾ ಒಂದು ಧರ್ಮದ ಜನರ ಏಳಿಗೆಗಷ್ಟೇ ಎಂದು ಉದ್ದೇಶ ಬರೆದರೆ ಸೇವಾಸಂಸ್ಥೆಗೆ ಈ ವಿನಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳಿಗಾಗಿ ಮಾಡುವ ಸಂಸ್ಥೆಗಳಿಗೆ ಈ ತಡೆಯಿಲ್ಲ. "ನಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ" ಎಂದು ಬೈಲಾದಲ್ಲಿ ಬರೆದು, ಅರ್ಜಿ ತಿರಸ್ಕಾರವಾದ ಮೇಲೆ "ಎಲ್ಲ ಬಡ ವಿದ್ಯಾರ್ಥಿಗಳಿಗೆ" ಎಂದು ತಿದ್ದಲು ಓಡಾಡಿದವರನ್ನು ಕಂಡಿದ್ದೇನೆ. ಮೊದಲೇ ಎಲ್ಲರಿಗೂ ಎಂದು ಬರೆಯುವುದು ಚೆಂದವೂ ಹೌದು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದರಲ್ಲಿ 332ನೇ ಕಲಮಿನಿಂದ ಮುಂದಕ್ಕೆ ನೋಂದಾಯಿತ ಲಾಭರಹಿತ ಸಂಸ್ಥೆಗಳಿಗೇ ಒಂದು ಭಾಗವಿದೆ. 80ಜಿಯ ಕಡಿತ 133ನೇ ಕಲಮಿಗೆ ಹೋಗಿದೆ. ಜನರ ಬಾಯಲ್ಲಿ 12ಎ, 80ಜಿ ಇನ್ನೂ ಹತ್ತು ವರ್ಷ ಇರುತ್ತವೆ, ಇರಲಿ. ಆದರೆ ಹಳೆಯ ವಿಡಿಯೊ ನೋಡಿಕೊಂಡು ಫಾರಂ ಸಂಖ್ಯೆ ಹುಡುಕಬೇಡಿ, ಇಲಾಖೆಯ ಪೋರ್ಟಲಿನಲ್ಲೇ ನೋಡಿ.

ಹೊರದೇಶದ ನಮ್ಮವರ ಹಣ

ಅಮೆರಿಕದ ಗೆಳೆಯ ಊರಿನ ಶಾಲೆಗೆ ಎರಡು ಲಕ್ಷ ಕಳಿಸುತ್ತೇನೆ ಎನ್ನುತ್ತಾನೆ. ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮೊದಲು ಕೇಳಿ. ಭಾರತದ ಪೌರನಾಗಿದ್ದು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಅವನು ಊರಿಗೆ ಬಂದು ರೂಪಾಯಿಯಲ್ಲಿ ಕೊಟ್ಟರೂ ಅಷ್ಟೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಆ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಉದ್ದೇಶಕ್ಕೆ 15 ಲಕ್ಷ ಖರ್ಚಾಗಿರಬೇಕು. ಹಣ ಬರುವುದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ.

ಅಮೆರಿಕದಲ್ಲೇ ಸಂಸ್ಥೆ ಮಾಡುವ ಕನ್ನಡಿಗರಿಗೆ ಅಲ್ಲಿನ ದಾರಿ ಬೇರೆ. ಮೊದಲು ತಮ್ಮ ರಾಜ್ಯದಲ್ಲಿ ಲಾಭರಹಿತ ನಿಗಮ ಸ್ಥಾಪಿಸಿ, ಆಮೇಲೆ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ 501(ಸಿ)(3) ಎಂಬ ತೆರಿಗೆ ವಿನಾಯಿತಿಯ ಮಾನ್ಯತೆ ಪಡೆಯಬೇಕು. ವರ್ಷಕ್ಕೆ 50,000 ಡಾಲರ್ ಒಳಗಿನ ವಹಿವಾಟಿನ ಸಣ್ಣ ಕನ್ನಡ ಕೂಟಕ್ಕೆ 275 ಡಾಲರ್ ಶುಲ್ಕದ 1023 ಇಜೆಡ್ ಎಂಬ ಚಿಕ್ಕ ಅರ್ಜಿ ಸಾಕಾಗುತ್ತದೆ, ದೊಡ್ಡವರಿಗೆ 600 ಡಾಲರಿನ ಪೂರ್ತಿ 1023 ಫಾರಂ. ಅಲ್ಲಿನ ದಾನಿಗೆ ಅಲ್ಲಿ ತೆರಿಗೆ ಕಡಿತ ಸಿಗುವುದು ಅಲ್ಲಿನ ಸಂಸ್ಥೆಗೆ ಕೊಟ್ಟಾಗ. ನೇರವಾಗಿ ಹಾಸನದ ಟ್ರಸ್ಟಿಗೆ ಕಳಿಸಿದ್ದಕ್ಕೆ ಸಿಗುವುದಿಲ್ಲ.

ಹಾಗಾದರೆ ಯಾವುದು?

ಒಬ್ಬರ ಅಥವಾ ಒಂದು ಮನೆತನದ ಆಸ್ತಿ, ಒಂದು ಖಚಿತವಾದ ಉದ್ದೇಶ: ಟ್ರಸ್ಟ್. ಮನೆಯವರಲ್ಲದ ಇಬ್ಬರನ್ನಾದರೂ ಟ್ರಸ್ಟಿಗಳನ್ನಾಗಿ ಸೇರಿಸಿಕೊಳ್ಳಿ. ಹತ್ತು ಹದಿನೈದು ಜನ ಸಮಾನ ಮನಸ್ಸಿನಿಂದ ಹೊರಟಿದ್ದೀರಿ, ಊರಿನವರೆಲ್ಲ ಒಳಗೆ ಬರಲಿ ಎಂಬ ಆಸೆಯಿದೆ: ಸಂಘ. ಪೂರ್ಣಾವಧಿ ಕೆಲಸ, ಸಂಬಳದ ಸಿಬ್ಬಂದಿ, ಸಿಎಸ್‌ಆರ್ ಹಣ, ಬೇರೆ ರಾಜ್ಯದಲ್ಲೂ ಕೆಲಸ: ಸೆಕ್ಷನ್ 8. ಎರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಆರು ತಿಂಗಳು ನೋಂದಣಿಯಿಲ್ಲದೆ ಕೆಲಸ ಮಾಡಿ ನೋಡಿ. ಸಭೆಗೆ ಎಷ್ಟು ಜನ ಬರುತ್ತಾರೆ, ಲೆಕ್ಕ ಯಾರು ಬರೆಯುತ್ತಾರೆ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ.

ಹೋದ ತಿಂಗಳು ನಮ್ಮ ಗ್ರಂಥಾಲಯಕ್ಕೆ ನಿವೃತ್ತ ಟೀಚರೊಬ್ಬರು ಬಂದಿದ್ದರು. ಮಕ್ಕಳಿಲ್ಲ, ಮನೆಯವರು ತೀರಿಕೊಂಡು ನಾಲ್ಕು ವರ್ಷ. ತಮ್ಮ ಹೆಂಚಿನ ಮನೆಯನ್ನು ಓದುವ ಹೆಣ್ಣುಮಕ್ಕಳು ಉಳಿದುಕೊಳ್ಳುವ ಜಾಗ ಮಾಡಬೇಕು ಎಂದರು. ನಾನು ನಮ್ಮ ಸಂಘಕ್ಕೇ ಬರೆದುಕೊಡಿ ಎನ್ನಬಹುದಿತ್ತು, ಆಸೆಯೂ ಆಯಿತು. "ಇನ್ನು ಇಪ್ಪತ್ತು ವರ್ಷಕ್ಕೆ ನಿಮ್ಮ ಸಂಘದಲ್ಲಿ ಯಾರಿರ್ತಾರೋ ನನಗೆ ಗೊತ್ತಿಲ್ಲಪ್ಪ" ಎಂದು ಅವರೇ ಹೇಳಿದರು. ಟ್ರಸ್ಟೇ ಸರಿ ಎಂದೆ. ಅವರ ಇಬ್ಬರು ಹಳೆಯ ವಿದ್ಯಾರ್ಥಿನಿಯರು, ಒಬ್ಬರು ನರ್ಸು, ಊರಿನ ಪೋಸ್ಟ್ ಮಾಸ್ಟರು ಟ್ರಸ್ಟಿಗಳಾಗಲು ಒಪ್ಪಿದ್ದಾರೆ. ಡೀಡಿನ ಕರಡನ್ನು ಅವರ ಜಗಲಿಯ ಮೇಲೆ ಕೂತು ಎರಡು ಸಲ ಗಟ್ಟಿಯಾಗಿ ಓದಿದೆವು. "ಬಡ" ಎಂಬ ಪದವನ್ನು ಅವರೇ ಹೊಡೆದುಹಾಕಿಸಿದರು, "ಓದುವ ಎಲ್ಲ ಹೆಣ್ಣುಮಕ್ಕಳಿಗೆ" ಎಂದಾಯಿತು. ಮುಂದಿನ ಗುರುವಾರ ಹನ್ನೊಂದೂವರೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಮಯ ಸಿಕ್ಕಿದೆ. ಇಬ್ಬರು ಸಾಕ್ಷಿಗಳಲ್ಲಿ ನಾನೊಬ್ಬ.